ತರಗು ಬೆಂಕಿ ನಿಂತ ಮೇಲೆ: ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ, ಬಂದಳಿಕೆ ಮತ್ತು ನೆಲ್ಲಿಮರದ ಪ್ರಕರಣ

ಬಿಳಿಗಿರಿರಂಗನ ಬೆಟ್ಟದ ಸುಮಾರು 540 ಚದರ ಕಿಲೋಮೀಟರ್ ಕಾಡನ್ನು 1997ರಲ್ಲಿ ಎರಡು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಲಾಯಿತು. ಒಂದೊಂದು ಚೌಕದ ನಡುವೆ 80 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಪಟ್ಟಿ ಗುರುತಿಸಿ, ಅದರೊಳಗಿನ ಗಿಡಮರಗಳನ್ನೆಲ್ಲ ಎಣಿಸಿದರು. ಒಟ್ಟು 134 ಪಟ್ಟಿಗಳು. ಹನ್ನೊಂದು ವರ್ಷ ಕಳೆದು, 2008ರಲ್ಲಿ, ಅದೇ ಪಟ್ಟಿಗಳಲ್ಲಿ ಮತ್ತೆ ಎಣಿಕೆ ನಡೆಯಿತು. ಮೊದಲ ಸಲ ನೂರಕ್ಕೆ 41 ಪಟ್ಟಿಗಳಲ್ಲಿ ಕಂಡಿದ್ದ ಲಂಟಾನ ಎಂಬ ಮುಳ್ಳುಪೊದೆ ಎರಡನೇ ಸಲ ನೂರಕ್ಕೆ 81ರಲ್ಲಿತ್ತು. ಮೊದಲು ಎಣಿಸಿದ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನದ್ದಾಗಿದ್ದರೆ, ಈಗ ಮೂರರಲ್ಲಿ ಒಂದು. ಸಂಶೋಧಕರಾದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ 2012ರಲ್ಲಿ ಪ್ರಕಟಿಸಿದ ಈ ಲೆಕ್ಕ ಕರ್ನಾಟಕದ ಕಾಡುಗಳ ಬಗ್ಗೆ ನಮ್ಮ ಕೈಲಿರುವ ಅತ್ಯಂತ ಸ್ಪಷ್ಟ ದಾಖಲೆಗಳಲ್ಲೊಂದು.

ಈ ಹನ್ನೊಂದು ವರ್ಷಗಳಲ್ಲಿ ಇಲ್ಲಿ ಯಾರೂ ಕಾಡು ಕಡಿದು ತೋಟ ಮಾಡಲಿಲ್ಲ, ಗಣಿ ತೆಗೆಯಲಿಲ್ಲ, ಅಣೆಕಟ್ಟು ಕಟ್ಟಲಿಲ್ಲ. ಇದು 1974ರಿಂದಲೇ ವನ್ಯಜೀವಿಧಾಮ, 2011ರಿಂದ ಹುಲಿ ಮೀಸಲು ಪ್ರದೇಶ. ಕಾಪಾಡಿದ ಕಾಡೇ ಒಳಗಿಂದೊಳಗೆ ಬದಲಾಗಿಹೋಯಿತು. ಹೊರಗಿನಿಂದ ಬಂದ ಗಿಡದ ಕಥೆಯೆಂದು ಇದನ್ನು ಹೇಳುವುದು ರೂಢಿ. ಆದರೆ ಲಂಟಾನ ಭಾರತಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಅಮೆರಿಕ ಖಂಡದ ಉಷ್ಣವಲಯದಿಂದ, ತೋಟದ ಅಲಂಕಾರಕ್ಕೆಂದು. ಬಿಳಿಗಿರಿಯ ಆದಿವಾಸಿಗಳಾದ ಸೋಲಿಗರ ಹಿರಿಯರ ನೆನಪಿನ ಪ್ರಕಾರವೂ ಅದು ಅವರ ಕಾಡಿಗೆ ಬಂದು ಹಲವು ದಶಕಗಳೇ ಆಗಿವೆ. ಅಷ್ಟು ಕಾಲ ಅಲ್ಲಲ್ಲಿ ಪೊದೆಯಾಗಿ ಇದ್ದ ಗಿಡ ಇದ್ದಕ್ಕಿದ್ದಂತೆ ಕಾಡನ್ನೆಲ್ಲ ಆವರಿಸಲು ಬಿಟ್ಟದ್ದು ಯಾವುದು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಸೋಲಿಗರ ಉತ್ತರ ಒಂದೇ ಮಾತಿನದು: ತರಗು ಬೆಂಕಿ ನಿಂತಿತು.

ತರಗು ಬೆಂಕಿ ಎಂದರೆ ಏನು

ಎಲೆ ಉದುರುವ ಕಾಡಿನಲ್ಲಿ ಮತ್ತಿ, ದಿಂಡಿಗ, ತಡಸಲು, ಹೊನ್ನೆ ಮರಗಳು ಚಳಿಗಾಲ ಮುಗಿಯುತ್ತಿದ್ದಂತೆ ಎಲೆ ಕಳಚಲು ತೊಡಗುತ್ತವೆ. ನೆಲದ ಮೇಲೆ ತರಗಿನ ಹಾಸು, ಅದರ ನಡುವೆ ಅರ್ಧ ಒಣಗಿದ ಕರಡದ ಹುಲ್ಲು. ಜನವರಿ, ಫೆಬ್ರವರಿಯಲ್ಲಿ, ಅಂದರೆ ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುವಾಗ, ರಾತ್ರಿ ಇಬ್ಬನಿ ಬೀಳುತ್ತಿರುವಾಗ, ಸೋಲಿಗರು ಈ ತರಗಿಗೆ ಬೆಂಕಿ ಇಡುತ್ತಿದ್ದರು. ಆ ಹೊತ್ತಿನಲ್ಲಿ ಉರಿಯುವುದು ಮೇಲಿನ ಒಣ ಪದರ ಮಾತ್ರ. ಉರಿ ಮೊಣಕಾಲೆತ್ತರಕ್ಕೆ ಏಳುವುದೇ ಹೆಚ್ಚು. ತೇವವಿದ್ದ ಕಡೆ, ಹಳ್ಳದ ದಂಡೆಯಲ್ಲಿ, ಬಂಡೆಯ ಸಾಲಿನಲ್ಲಿ ತಾನೇ ನಿಂತುಬಿಡುತ್ತದೆ, ಸಂಜೆಯ ತಂಪಿಗೆ ಕುಗ್ಗುತ್ತದೆ. ಹಾಗಾಗಿ ಇಡೀ ಕಾಡು ಒಂದೇ ವರ್ಷ ಸುಡುತ್ತಿರಲಿಲ್ಲ. ಸುಟ್ಟ ತೇಪೆ, ಸುಡದ ತೇಪೆ ಅಕ್ಕಪಕ್ಕದಲ್ಲಿ ಉಳಿಯುತ್ತಿದ್ದವು, ಮುಂದಿನ ವರ್ಷ ಅವುಗಳ ಜಾಗ ಅದಲುಬದಲಾಗುತ್ತಿತ್ತು.

ಅವರು ಇದಕ್ಕೆ ಕೊಡುವ ಕಾರಣಗಳು ನೇರವಾಗಿವೆ. ಮೊದಲ ಮಳೆಗೆ ಹೊಸ ಹುಲ್ಲು ಚಿಗುರುತ್ತದೆ, ಕಾಟಿ, ಕಡವೆ, ಜಿಂಕೆಗೆ ಮೇವಾಗುತ್ತದೆ. ರಕ್ತ ಹೀರುವ ಉಣ್ಣೆಹುಳ ಸಾಯುತ್ತದೆ. ದಾರಿ ಕಾಣುತ್ತದೆ, ಆನೆ ಎದುರಾದರೆ ದೂರದಿಂದಲೇ ತಿಳಿಯುತ್ತದೆ. ಮರಕ್ಕೆ ಹತ್ತಿದ ಉಪ್ಪಿಲು ಹಬೆ, ಹೊಗೆಗೆ ಬಾಡುತ್ತದೆ. ಉಪ್ಪಿಲು ಎಂದರೆ ಬಯಲುಸೀಮೆಯಲ್ಲಿ ಬಂದಳಿಕೆ, ಬದನಿಕೆ ಎನ್ನುವ ಪರಾವಲಂಬಿ ಗಿಡ. ಅದರ ವಿಚಾರ ಮುಂದೆ ಬರುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಸೆಕ್ಷನ್ ಅಭಯಾರಣ್ಯದಲ್ಲಿ ಬೆಂಕಿ ಇಡುವುದನ್ನು ನಿಷೇಧಿಸುತ್ತದೆ. ಧಾಮ ಘೋಷಣೆಯಾದ ಮೇಲೆ ಬೇಟೆ ನಿಂತಿತು, ಜಾಗ ಬದಲಿಸುತ್ತ ಮಾಡುವ ಬೇಸಾಯ ನಿಂತಿತು, ಸೋಲಿಗರು ಪೋಡುಗಳಲ್ಲಿ, ಅಂದರೆ ತಮ್ಮ ಹಾಡಿಗಳಲ್ಲಿ, ನೆಲೆ ನಿಂತರು. ಇವುಗಳ ಜೊತೆಗೆ ತರಗು ಬೆಂಕಿಯೂ ಅಪರಾಧವಾಯಿತು. ಮಾಡಿದವರ ಉದ್ದೇಶ ಒಳ್ಳೆಯದೇ. ಬೆಂಕಿ ಎಂದರೆ ಕಾಡಿನ ನಾಶ ಎಂಬ ತಿಳಿವಳಿಕೆ ಆಗ ಎಲ್ಲ ಕಡೆ ಇತ್ತು, ಈಗಲೂ ಬಹುಮಟ್ಟಿಗೆ ಇದೆ.

ಬೆಂಕಿ ನಿಂತಾಗ ನೆಲದಲ್ಲಿ ಆದದ್ದು

ಒಂದು ಲಂಟಾನ ಸಸಿಯ ಕಡೆಯಿಂದ ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಪಿಕಳಾರ ಹಕ್ಕಿ ಕಪ್ಪಾಗಿ ಮಾಗಿದ ಹಣ್ಣು ತಿಂದು, ಯಾವುದೋ ಮರದ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಕೆಳಗೆ ಬಿದ್ದ ಬೀಜ ಮುಂಗಾರಿಗೆ ಮೊಳೆಯುತ್ತದೆ. ಮೊದಲ ಬೇಸಿಗೆಯ ಹೊತ್ತಿಗೆ ಅದು ಪೆನ್ಸಿಲಿಗಿಂತ ಸಣ್ಣ ಕಾಂಡದ, ತೆಳು ತೊಗಟೆಯ ಗಿಡ. ತರಗು ಬೆಂಕಿ ಆ ವರ್ಷ ಅಲ್ಲಿ ಹಾದುಹೋದರೆ ಅದು ಉಳಿಯುವುದು ಕಷ್ಟ. ಹುಲ್ಲು ದಟ್ಟವಾಗಿದ್ದರೆ ಮೊಳಕೆಗೆ ಬೆಳಕೇ ಸಿಗುವುದಿಲ್ಲ. ಮತ್ತಿ, ದಿಂಡಿಗದ ಸಸಿಗಳೂ ಅದೇ ಬೆಂಕಿಗೆ ಸುಡುತ್ತವೆ, ಆದರೆ ಅವು ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಮತ್ತೆ ಚಿಗುರುತ್ತವೆ. ಒಣ ಕಾಡಿನ ಮರಗಳು ಕಾಲಾಂತರದಿಂದ ಕಲಿತ ಬದುಕು ಇದು.

ಬೆಂಕಿ ಮೂರು ನಾಲ್ಕು ವರ್ಷ ಬರಲಿಲ್ಲ ಎನ್ನಿ. ಸಸಿಯ ಬುಡ ದಪ್ಪವಾಗುತ್ತದೆ. ನೆಲಮಟ್ಟದ ಸ್ವಲ್ಪ ಕೆಳಗೆ ಬೇರು ಮತ್ತು ಕಾಂಡ ಕೂಡುವ ಜಾಗ ಗಡ್ಡೆಯಂತೆ ಉಬ್ಬುತ್ತದೆ, ಅದರ ತುಂಬ ಮಲಗಿರುವ ಮೊಗ್ಗುಗಳು. ಈ ಹಂತ ದಾಟಿತೆಂದರೆ ಬೆಂಕಿ ಬಂದರೂ, ಕತ್ತಿಯಿಂದ ಕಡಿದರೂ, ಒಂದು ಕಾಂಡದ ಬದಲು ಹತ್ತು ಕಾಂಡ ಏಳುತ್ತವೆ. ಚೌಕಾಕಾರದ, ಮುಳ್ಳಿನ ಕಾಂಡಗಳು ಆಳೆತ್ತರ ದಾಟಿ ಒಂದರ ಮೇಲೊಂದು ಬಾಗಿ ಛಾವಣಿ ಕಟ್ಟುತ್ತವೆ. ಹಸಿ ನೆಲಕ್ಕೆ ತಾಗಿದ ಕಾಂಡ ಅಲ್ಲೇ ಬೇರು ಬಿಡುತ್ತದೆ. ಛಾವಣಿಯ ಕೆಳಗೆ ಹುಲ್ಲು ಸಾಯುತ್ತದೆ. ಹುಲ್ಲು ಸತ್ತ ಮೇಲೆ ನೆಲದ ಮೇಲೆ ಹರಿಯುವ ತಣ್ಣನೆಯ ಬೆಂಕಿಗೆ ಉರುವಲೇ ಇಲ್ಲ. ಅಲ್ಲಿಗೆ ಹಳೆಯ ವ್ಯವಸ್ಥೆಗೆ ಮರಳುವ ಬಾಗಿಲು ಮುಚ್ಚಿತು.

ಎಣಿಕೆಯಲ್ಲಿ ಇದು ಕಾಣುವ ಬಗೆಯನ್ನು ಗಮನಿಸಬೇಕು. ದೊಡ್ಡ ಮರಗಳು ಹಾಗೇ ನಿಂತಿರುತ್ತವೆ, ದೂರದಿಂದ ಬೆಟ್ಟ ಹಸಿರಾಗಿಯೇ ಕಾಣುತ್ತದೆ, ಉಪಗ್ರಹ ಚಿತ್ರದಲ್ಲೂ ಅಷ್ಟೆ. ಕಡಿಮೆಯಾಗಿರುವುದು ಎಳೆಯ ಪೀಳಿಗೆ. ಕಾಡಿನ ಗಿಡಮರಗಳನ್ನು ಕಾಂಡದ ದಪ್ಪದ ಪ್ರಕಾರ ಸಾಲಾಗಿ ಜೋಡಿಸಿದರೆ, ಆರೋಗ್ಯದ ಕಾಡಿನಲ್ಲಿ ಸಣ್ಣವು ತುಂಬ, ದಪ್ಪನೆಯವು ಕೆಲವು ಇರಬೇಕು. ಲಂಟಾನ ತುಂಬಿದ ಕಡೆ ಆ ಸಾಲಿನ ಬುಡವೇ ಸವೆದಿರುತ್ತದೆ. ಈಗಿನ ಮುದಿ ಮರಗಳು ಬಿದ್ದ ಮೇಲೆ ಅವುಗಳ ಜಾಗಕ್ಕೆ ಬರಲು ಯಾರೂ ಇಲ್ಲ. ಮರದ ಆಯಸ್ಸು ದೊಡ್ಡದು, ಹಾಗಾಗಿ ಪೆಟ್ಟು ಬಿದ್ದು ದಶಕಗಳಾದ ಮೇಲೆ ಗಾಯ ಕಾಣುತ್ತದೆ. ಕಾಡಿನ ಪರಿಸ್ಥಿತಿಯನ್ನು ಮರಗಳ ಎತ್ತರ ನೋಡಿ ಅಳೆಯುವವರು ಎಡವುವುದು ಇಲ್ಲೇ.

ನೆಲ್ಲಿಮರ ಮತ್ತು ಉಪ್ಪಿಲು

ಬಿಳಿಗಿರಿಯಲ್ಲಿ ಬೆಟ್ಟದ ನೆಲ್ಲಿಯ ಎರಡು ಜಾತಿಗಳಿವೆ. ಒಂದು ಎಲ್ಲೆಡೆ ಕಾಣುವ ಸಾಮಾನ್ಯ ನೆಲ್ಲಿ. ಇನ್ನೊಂದು ದಕ್ಷಿಣ ಭಾರತದಲ್ಲಿ ಮಾತ್ರ, ಕೆಳಗಿನ ಕುರುಚಲು ಮತ್ತು ಒಣ ಕಾಡಿನಲ್ಲಿ ಬೆಳೆಯುವ, ಸ್ವಲ್ಪ ದೊಡ್ಡ ಕಾಯಿಯ ನೆಲ್ಲಿ. ಜೇನು, ಪಾಚಿ, ಸೀಗೆ, ಅಂಟುವಾಳದ ಜೊತೆ ನೆಲ್ಲಿಕಾಯಿ ಸೋಲಿಗರ ಮುಖ್ಯ ಆದಾಯವಾಗಿತ್ತು. ಕಾಯಿಯನ್ನು ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತಿದ್ದರು.

ನೆಲ್ಲಿಮರಗಳು ಕಡಿಮೆಯಾಗುತ್ತಿರುವುದು ತಿಳಿದಾಗ ಎಲ್ಲರ ಕಣ್ಣು ಮೊದಲು ಹೋದದ್ದು ಕೊಯ್ಲಿನ ಮೇಲೆ. ಕಾಯಿಯನ್ನೆಲ್ಲ ಕೊಯ್ದರೆ ಬೀಜ ಎಲ್ಲಿಂದ ಬರಬೇಕು ಎಂಬ ತರ್ಕ ಕೇಳಲು ಸರಿಯೇ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬೆನ್ನಿಗೆ, 2006ರ ಹೊತ್ತಿಗೆ, ಇಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು ನಿಂತುಹೋಯಿತು. ಆದರೆ ಗುರುತು ಹಾಕಿದ ಮರಗಳನ್ನು, ಸಸಿಗಳನ್ನು ವರ್ಷ ವರ್ಷ ಅಳೆದು, ಕೊಯ್ಲು, ಬಂದಳಿಕೆ, ಲಂಟಾನ, ಬೆಂಕಿ ಒಂದೊಂದರ ಪಾಲು ಎಷ್ಟೆಂದು ಬೇರ್ಪಡಿಸಿದ ಅಧ್ಯಯನವೊಂದು 2012ರಲ್ಲಿ ಹೊರಬಂತು. ತಮಾರಾ ಟಿಕ್ಟಿನ್, ಆರ್. ಗಣೇಶನ್, ಸಿದ್ದಪ್ಪ ಶೆಟ್ಟಿ ಮತ್ತು ಪರಮೇಶ ಅದನ್ನು ನಡೆಸಿದವರು. ಅವರ ಲೆಕ್ಕದಲ್ಲಿ ನೆಲ್ಲಿಯ ಇಳಿಕೆಗೆ ಕೊಯ್ಲಿಗಿಂತ ಬಂದಳಿಕೆ ಮತ್ತು ಲಂಟಾನ ದೊಡ್ಡ ಕಾರಣಗಳಾಗಿ ಕಂಡವು.

ಬಂದಳಿಕೆ ಹತ್ತಿದ ಒಂದು ನೆಲ್ಲಿಮರದ ಕೆಳಗೆ ನಿಂತು ಮೇಲೆ ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ನೆಲ್ಲಿಯ ಎಲೆ ಹುಣಸೆ ಎಲೆಯಂತೆ ಸಣ್ಣದು, ತಿಳಿ ಹಸಿರು, ಗರಿಯ ಹಾಗೆ ಹಗುರ. ಅದರ ನಡುವೆ ದಪ್ಪ, ಅಗಲ, ಬೂದು ಬಣ್ಣ ಮೆತ್ತಿದ ಎಲೆಗಳ ಗುಂಪೊಂದು ಕೊಂಬೆಗೆ ಜೋತುಬಿದ್ದಿರುತ್ತದೆ. ಅದು ಬಂದಳಿಕೆ. ಅದು ಕೂತ ಜಾಗದಲ್ಲಿ ಕೊಂಬೆ ಗಂಟು ಕಟ್ಟಿರುತ್ತದೆ, ಗಂಟಿನಿಂದಾಚೆಯ ತುದಿ ಒಣಗಿರುತ್ತದೆ. ಬಂದಳಿಕೆಗೆ ಹಸಿರೆಲೆ ಇದೆ, ಊಟ ತಾನೇ ಬೇಯಿಸಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. ಬೇಸಿಗೆಯಲ್ಲಿ ನೆಲ್ಲಿ ನೀರಿಗಾಗಿ ಎಲೆ ಉದುರಿಸಿ ಕೈಕಟ್ಟಿ ಕೂತಾಗಲೂ ಬಂದಳಿಕೆ ಎಲೆ ಹೊತ್ತು ನೀರೆಳೆಯುತ್ತಲೇ ಇರುತ್ತದೆ. ಮರವನ್ನು ಕೊಲ್ಲುವುದು ಈ ಬೇಸಿಗೆಯ ಲೂಟಿ. ಬೀಜ ಹರಡುವುದು ಬದನಿಕೆ ಹಕ್ಕಿ. ಅಂಟು ಸುತ್ತಿದ ಬೀಜ ಹಕ್ಕಿಯ ಹಿಂಬದಿಗೆ ಅಂಟಿಕೊಳ್ಳುತ್ತದೆ, ಅದು ಕೊಂಬೆಗೆ ಉಜ್ಜಿ ಒರೆಸುತ್ತದೆ, ಬೀಜ ಅಲ್ಲೇ ಮೊಳೆಯುತ್ತದೆ. ಹಣ್ಣಿರುವ ಕಡೆಗೇ ಹಕ್ಕಿ ಮತ್ತೆ ಮತ್ತೆ ಬರುವುದರಿಂದ ಒಮ್ಮೆ ಹತ್ತಿದ ಮರಕ್ಕೇ ಇನ್ನಷ್ಟು ಹತ್ತುತ್ತದೆ.

ಕೊಯ್ಲಿಗೆ ಮರ ಹತ್ತುತ್ತಿದ್ದವರು ಬಂದಳಿಕೆ ಕಂಡ ಕೊಂಬೆಯನ್ನು ಕಡಿದು ಬಿಡುವ ರೂಢಿ ಇತ್ತು. ಹಾಗಾಗಿ ಕೊಯ್ಲು ನಿಂತಾಗ ಮರಕ್ಕೆ ವಿರಾಮ ಸಿಕ್ಕಿತು ಎನ್ನುವುದಕ್ಕಿಂತ, ವರ್ಷಕ್ಕೊಮ್ಮೆ ಮರವನ್ನು ಹತ್ತಿ ನೋಡುವ ಕಣ್ಣು ಕಡಿಮೆಯಾಯಿತು ಎನ್ನುವುದು ಸರಿ. ಕಡಿಯುವುದಕ್ಕೂ ಒಂದು ಕ್ರಮವಿದೆ. ಬಂದಳಿಕೆಯನ್ನು ಕೈಯಿಂದ ಕಿತ್ತರೆ ಸಾಲದು, ಕೊಂಬೆಯ ಒಳಗೆ ಇಳಿದ ಬೇರಿನ ತುಣುಕಿನಿಂದ ಅದು ಮತ್ತೆ ಚಿಗುರುತ್ತದೆ. ಗಂಟಿನಿಂದ ಬುಡದ ಕಡೆಗೆ ಒಂದು ಗೇಣು ಬಿಟ್ಟು ಕೊಂಬೆಯನ್ನೇ ತೆಗೆಯಬೇಕು. ಮುಖ್ಯ ಕಾಂಡದ ಮೇಲೆಯೇ ಕೂತಿದ್ದರೆ ಕಡಿಯಲಾಗದು, ಎಲೆ ಸಮೇತ ಚಿಗುರನ್ನು ಪ್ರತಿ ವರ್ಷ ತೆಗೆಯುತ್ತ ಅದನ್ನು ಸೊರಗಿಸಬೇಕು. ಬಂದಳಿಕೆಯ ಹಣ್ಣು ಮಾಗುವ ಮೊದಲೇ ಈ ಕೆಲಸ ಆಗಬೇಕು.

ನೆಲ್ಲಿಯ ಸಸಿಗೂ ಬೆಂಕಿಗೂ ಇರುವ ಲೆಕ್ಕ ಸುಲಭದ್ದಲ್ಲ ಎಂಬುದನ್ನೂ ಹೇಳಬೇಕು. ಜಿಂಕೆ, ಕಾಡುಕುರಿ ಕಾಯಿ ತಿಂದು, ಮೆಲುಕು ಹಾಕುವಾಗ ಗಟ್ಟಿ ಬೀಜ ಉಗುಳಿ, ಬಯಲಾದ ನೆಲದಲ್ಲಿ ಸಸಿ ಏಳುತ್ತದೆ. ಒಂದೆರಡು ವರ್ಷದ ಸಸಿಯನ್ನು ಬೆಂಕಿ ಕೊಲ್ಲಬಹುದು. ಪ್ರತಿ ವರ್ಷ ಅದೇ ಜಾಗ ಸುಟ್ಟರೆ ಯಾವ ಸಸಿಯೂ ಮರವಾಗುವುದಿಲ್ಲ. ಬೆಂಕಿಯಿಂದ ಲಾಭ ಬರುವುದು ಅದು ತೇಪೆ ತೇಪೆಯಾಗಿ, ಬಿಟ್ಟು ಬಿಟ್ಟು ಬಂದಾಗ. ಬೆಂಕಿಯನ್ನು ಹೊಗಳುವವರೂ ತೆಗಳುವವರೂ ಈ ಎರಡು ಪದಗಳನ್ನು ಮರೆಯುತ್ತಾರೆ.

ಹಾಗಾದರೆ ಮತ್ತೆ ಬೆಂಕಿ ಇಡಬಹುದೆ?

ಈಗಿನ ಸ್ಥಿತಿಯಲ್ಲಿ, ಲಂಟಾನ ತುಂಬಿದ ಕಡೆ, ಇಡಬಾರದು. 2005ರಲ್ಲಿ ಹಿರೇಮಠ ಮತ್ತು ಸುಂದರಂ ಅವರೇ ಒಂದು ಊಹೆ ಮುಂದಿಟ್ಟಿದ್ದರು: ಬೆಂಕಿ ಲಂಟಾನಕ್ಕೆ ಜಾಗ ಮಾಡಿಕೊಡುತ್ತದೆ, ಲಂಟಾನ ಮುಂದಿನ ಬೆಂಕಿಗೆ ಉರುವಲಾಗುತ್ತದೆ, ಒಂದು ಮತ್ತೊಂದನ್ನು ಬೆಳೆಸುತ್ತ ಹೋಗುತ್ತದೆ. ಸೋಲಿಗರ ಮಾತು ಇದಕ್ಕೆ ಎದುರಾಗಿ ಕಾಣುತ್ತದೆ. ಎರಡೂ ಮಾತು ಬೇರೆ ಬೇರೆ ಬೆಂಕಿಯ ಬಗ್ಗೆ ಎಂದು ಓದಿದರೆ ಗೊಂದಲ ಕರಗುತ್ತದೆ. ಜನವರಿಯಲ್ಲಿ ಹುಲ್ಲು, ತರಗಿನ ಮೇಲೆ ಹರಿಯುವ ಬೆಂಕಿ ಎಳೆಯ ಲಂಟಾನವನ್ನು ತಡೆಯುತ್ತದೆ. ಮಾರ್ಚಿಯಲ್ಲಿ, ಆಳೆತ್ತರದ ಒಣ ಲಂಟಾನದ ಕಾಂಡಗಳನ್ನು ಏಣಿಯಾಗಿಸಿಕೊಂಡು ಮರದ ತಲೆಗೆ ಏರುವ ಬೆಂಕಿ ದೊಡ್ಡ ಮರಗಳನ್ನು ಕೊಂದು, ನೆಲಕ್ಕೆ ಬಿಸಿಲು ಬಿಟ್ಟು, ಬುಡದಿಂದ ಮತ್ತೆ ಚಿಗುರುವ ಲಂಟಾನಕ್ಕೆ ರಾಜ್ಯ ಒಪ್ಪಿಸುತ್ತದೆ. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಕಣ್ಣಾರೆ ಕಂಡದ್ದು ಇಂಥ ಉರುವಲಿನ ಬಲವನ್ನೇ. ಉರುವಲು ಬದಲಾದ ಮೇಲೆ ಅದೇ ಕಡ್ಡಿ ಗೀರಿದರೂ ಬೆಂಕಿ ಬೇರೆ.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಲಂಟಾನ ತೆಗೆಯಬೇಕು, ನಂತರ ಹುಲ್ಲು ಬರಬೇಕು, ಹುಲ್ಲು ನಿಂತ ಮೇಲೆ ಬೆಂಕಿಯ ಮಾತು.

ತೆಗೆಯುವ ಕೆಲಸ, ತಪ್ಪುವ ಕಡೆಗಳು

ನೆಲಮಟ್ಟಕ್ಕೆ ಕಡಿಯುವುದು ದುಡ್ಡು ಮತ್ತು ಆಳಿನ ದಂಡ, ಒಂದು ಮಳೆಗಾಲದಲ್ಲಿ ಮೊದಲಿಗಿಂತ ದಟ್ಟವಾಗಿ ಬರುತ್ತದೆ. ಜೆಸಿಬಿಯಿಂದ ಬುಡಸಮೇತ ಎತ್ತಿದರೆ ಮಣ್ಣು ಕದಡಿ, ಅದರೊಳಗೆ ಮಲಗಿದ್ದ ಲಂಟಾನ ಬೀಜಕ್ಕೆಲ್ಲ ಬೆಳಕು ಸಿಗುತ್ತದೆ, ಇಳಿಜಾರಿನಲ್ಲಿ ಮಣ್ಣೂ ಕೊಚ್ಚಿಹೋಗುತ್ತದೆ. ಕೀಟ ಬಿಟ್ಟು ನೋಡಿದ್ದೂ ಆಗಿದೆ. ಎಲೆಯ ರಸ ಹೀರುವ ಟೆಲಿಯೋನೀಮಿಯಾ ಎಂಬ ತಿಗಣೆ ಜಾತಿಯ ಕೀಟವನ್ನು 1941ರಲ್ಲೇ ಭಾರತಕ್ಕೆ ತರಲಾಗಿತ್ತು. ಅದು ಎಲೆ ಉದುರಿಸುತ್ತದೆ, ಮಳೆ ಬಂದರೆ ಗಿಡ ಮತ್ತೆ ಚಿಗುರುತ್ತದೆ.

ವಿಜ್ಞಾನಿ ಸಿ.ಆರ್. ಬಾಬು ಮತ್ತು ಸಂಗಡಿಗರು ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲಿನಲ್ಲಿ ಬಳಕೆಗೆ ತಂದ ಬುಡ ಕತ್ತರಿಸುವ ವಿಧಾನ ಇವೆಲ್ಲಕ್ಕಿಂತ ಮೇಲು. ಪೊದೆಯ ಸುತ್ತ ಮೊದಲು ಕುಡುಗೋಲಿನಿಂದ ಕೈ ಆಡುವಷ್ಟು ದಾರಿ ಮಾಡಿಕೊಂಡು, ಬುಡದ ಮಣ್ಣನ್ನು ಸರಿಸಿ, ಉಬ್ಬಿದ ಗಡ್ಡೆ ಎಲ್ಲಿ ಮುಗಿದು ಬೇರು ಎಲ್ಲಿ ಶುರುವಾಗುತ್ತದೆ ನೋಡಬೇಕು. ನೆಲದಿಂದ ಸುಮಾರು 3ರಿಂದ 5 ಸೆಂಟಿಮೀಟರ್ ಕೆಳಗೆ, ಅಂದರೆ ಎರಡು ಬೆರಳಿನಷ್ಟು ಆಳದಲ್ಲಿ, ಗುದ್ದಲಿಯ ಏಟು ಓರೆಯಾಗಿ ಬೀಳಬೇಕು. ಕೆಳಗಿನ ಬೇರಿನಲ್ಲಿ ಮೊಗ್ಗಿಲ್ಲ, ಅದು ಮಣ್ಣಲ್ಲೇ ಕೊಳೆಯುತ್ತದೆ. ಗಡ್ಡೆ ಸಮೇತ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಗಡ್ಡೆ ಬಿಸಿಲಿಗೆ ಮುಖ ಮಾಡಿ ಒಣಗಲಿ, ಕಾಂಡ ನೆಲಕ್ಕೆ ತಾಗಿ ಬೇರು ಬಿಡದಿರಲಿ. ಒಂದು ಅಡಿ ಆಳದ ಗುಂಡಿ ತೋಡುವ ಅಗತ್ಯವಿಲ್ಲ, ಮಣ್ಣು ಹೆಚ್ಚು ಕದಡುವುದೂ ಇಲ್ಲ. ಏಟು ಅರ್ಧ ಬೆರಳು ಮೇಲೆ ಬಿದ್ದರೆ ಮಾತ್ರ ಮಾಡಿದ ಕೆಲಸ ವ್ಯರ್ಥ, ಗಡ್ಡೆಯ ಚೂರು ನೆಲದಲ್ಲಿ ಉಳಿದು ಎರಡು ವಾರದಲ್ಲಿ ಕೆಂಪು ಚಿಗುರು ಇಣುಕುತ್ತದೆ. ಗುತ್ತಿಗೆಯನ್ನು ಎಕರೆ ಲೆಕ್ಕದಲ್ಲಿ ಕೊಟ್ಟಾಗ ಈ ಅರ್ಧ ಬೆರಳು ತಪ್ಪುವುದೇ ಹೆಚ್ಚು. ಬುಡ ಪರಿಶೀಲಿಸಿ ಕೂಲಿ ಕೊಡುವ ವ್ಯವಸ್ಥೆ ಇಲ್ಲದೆ ಇದು ನಡೆಯದು.

ಹೊತ್ತು ಮುಖ್ಯ. ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾಗಿ, ಹಣ್ಣು ಇನ್ನೂ ಕಾಯಿಯಾಗಿರುವಾಗ ಮಾಡಿದರೆ ಶ್ರಮ ಕಡಿಮೆ, ಬೀಜ ಉದುರುವ ಭಯವೂ ಕಡಿಮೆ. ಕಪ್ಪು ಹಣ್ಣು ತುಂಬಿದ ಪೊದೆಯನ್ನು ಎಳೆದಾಡಿದರೆ ಬಿತ್ತನೆ ಮಾಡಿದಂತೆಯೇ. ಪೊದೆಯೊಳಗೆ ಕರಡಿ, ಹಂದಿ ಮಲಗಿರುವುದುಂಟು, ಆದ್ದರಿಂದ ಒಂದು ಕಡೆಯಿಂದ ಸದ್ದು ಮಾಡುತ್ತ ಬರಬೇಕು, ನಾಲ್ಕೂ ಕಡೆಯಿಂದ ಮುತ್ತಬಾರದು. ತೆಗೆದ ಎಲೆಗಳನ್ನು ದನ ಮೇಯದಂತೆ ನೋಡಿಕೊಳ್ಳಬೇಕು, ಲಂಟಾನದ ವಿಷ ದನದ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಬಿಸಿಲಿಗೆ ಚರ್ಮ ಸುಲಿಯುವಂತೆ ಮಾಡುತ್ತದೆ.

ತೆಗೆದ ಕಾಂಡಕ್ಕೆ ಬಳಕೆ ಇದೆ. ಮಲೆ ಮಹದೇಶ್ವರ ಬೆಟ್ಟದ ಸುತ್ತ, ಬಿದಿರು ಸಿಗದಾದ ಕುಶಲಕರ್ಮಿಗಳು ಲಂಟಾನದ ಕಡ್ಡಿಯನ್ನು ಕುದಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಇದಕ್ಕೆ ಬೆನ್ನೆಲುಬಾಗಿ ನಿಂತಿತು. ಜೀವನೋಪಾಯವಾಗಿ ಇದು ಬಹಳ ಒಳ್ಳೆಯದು. ಕಾಡನ್ನು ಬಿಡಿಸುವ ಉಪಾಯ ಎಂದು ಮಾತ್ರ ಇದನ್ನು ನಂಬಬಾರದು, ಏಕೆಂದರೆ ಕುರ್ಚಿಗೆ ಬೇಕಾದದ್ದು ನೆಟ್ಟಗಿನ ದಪ್ಪ ಕಡ್ಡಿ, ಬುಡವಲ್ಲ. ಕಡ್ಡಿ ಕಡಿದವರು ಹೋದ ಮೇಲೆ ಬುಡ ಕೀಳುವವರೂ ಬರಬೇಕು.

ಬಯಲಾದ ನೆಲ ಖಾಲಿ ಉಳಿದರೆ ಇನ್ನೂ ಕೆಟ್ಟದ್ದು. ಕಮ್ಯುನಿಸ್ಟ್ ಗಿಡ, ಪಾರ್ಥೇನಿಯಂ, ಇತ್ತೀಚೆಗೆ ಬಂಡೀಪುರ, ನಾಗರಹೊಳೆ ಕಡೆ ಹಳದಿ ಹೂವಿನ ಸೆನ್ನಾ, ಹೀಗೆ ಹೊರಗಿನಿಂದ ಬಂದ ಬೇರೆ ಗಿಡಗಳು ಕಾದು ಕೂತಿರುತ್ತವೆ. ಅದೇ ಕಾಡಿನ ಹುಲ್ಲಿನ ತೆನೆಯನ್ನು ಚಳಿಗಾಲದಲ್ಲಿ ಕೊಯ್ದಿಟ್ಟು, ಬಿಡಿಸಿದ ಜಾಗದಲ್ಲಿ ಮುಂಗಾರಿನ ಆರಂಭಕ್ಕೆ ಎರಚಬೇಕು, ಅಥವಾ ಹುಲ್ಲಿನ ಬುಡಗಳನ್ನೇ ಕಿತ್ತು ನೆಡಬೇಕು. ಹಳೆಯ ಹುಲ್ಲು ಪೂರ್ತಿ ಸತ್ತಿರದ ಜಾಗವನ್ನೇ ಮೊದಲು ಆರಿಸುವುದು ಜಾಣತನ. ಲಂಟಾನ ಈಗಷ್ಟೇ ಹೊಕ್ಕ ಅಂಚುಗಳಲ್ಲಿ ಒಂದು ಆಳಿನ ಕೆಲಸಕ್ಕೆ ಸಿಗುವ ಫಲ, ದಟ್ಟ ಪೊದೆಯ ನಡುವೆ ಹತ್ತು ಆಳಿಗೂ ಸಿಗುವುದಿಲ್ಲ. ಆದರೂ ರಸ್ತೆ ಬದಿಯ ದಟ್ಟ ಪೊದೆಗೇ ಮೊದಲು ಕೈ ಹಾಕುವುದು ವಾಡಿಕೆ, ಕೆಲಸ ಕಣ್ಣಿಗೆ ಕಾಣುತ್ತದೆ ಎಂದು.

ಹುಲ್ಲು ಎರಡು ಮೂರು ವರ್ಷ ದಟ್ಟವಾಗಿ ನಿಂತ ತೇಪೆಗಳಲ್ಲಿ, ಸುತ್ತ ಬೆಂಕಿ ರೇಖೆ ಎಳೆದು, ಜನವರಿಯ ಇಬ್ಬನಿಯ ದಿನಗಳಲ್ಲಿ ತರಗು ಬೆಂಕಿಯನ್ನು ಪರೀಕ್ಷೆಗೆ ತರುವುದು ಸಾಧ್ಯ. ಎಲ್ಲಿ, ಯಾವ ದಿನ, ಗಾಳಿ ಯಾವ ಕಡೆಯಿಂದ ಎಂಬುದನ್ನು ಹೇಳಬಲ್ಲ ಸೋಲಿಗ ಹಿರಿಯರು ಇನ್ನೂ ಇದ್ದಾರೆ, ಆದರೆ ಕೈಯಾರೆ ಬೆಂಕಿ ಇಟ್ಟು ಬಲ್ಲವರ ವಯಸ್ಸು ಏರುತ್ತಿದೆ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿಯ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಆ ಕಾಡನ್ನು ಕಾಪಾಡುವ, ನಿರ್ವಹಿಸುವ ಅಧಿಕಾರ ಗ್ರಾಮಸಭೆಗೂ ಇದೆ. ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಮತ್ತು ಈ ಹಕ್ಕಿನ ನಡುವೆ, ಇಲಾಖೆಯೂ ಗ್ರಾಮಸಭೆಯೂ ಕೂತು ಬರೆದ ನಿರ್ವಹಣಾ ಯೋಜನೆ ಇಲ್ಲದೆ ಒಂದು ಎಕರೆಯಲ್ಲೂ ಕಡ್ಡಿ ಗೀರುವಂತಿಲ್ಲ.

ಬಿಡಿಸಿದ ಜಾಗಕ್ಕೆ ವರ್ಷಕ್ಕೆ ಎರಡು ಸಲವಾದರೂ, ಕನಿಷ್ಠ ಮೂರು ವರ್ಷ, ಹೋಗಬೇಕು. ಮುಂಗಾರು ಹಿಡಿದು ಒಂದು ತಿಂಗಳಿಗೆ ಒಮ್ಮೆ, ಹಿಂಗಾರಿನ ಕೊನೆಗೆ ಒಮ್ಮೆ. ಎಲ್ಲ ಕಡೆ ಸಮನಾಗಿ ಹುಡುಕುವುದು ಬೇಡ. ಹಕ್ಕಿ ಕೂರುವ ಒಂಟಿ ಮರಗಳ ಕೆಳಗೆ, ಕೊಂಬೆ ಚಾಚಿದಷ್ಟು ಅಗಲದಲ್ಲಿ ನೋಡಿದರೆ ಹೊಸ ಸಸಿಗಳಲ್ಲಿ ಬಹುಪಾಲು ಅಲ್ಲೇ ಸಿಗುತ್ತವೆ. ಆ ವಯಸ್ಸಿನಲ್ಲಿ ಅವನ್ನು ಕೀಳಲು ಗುದ್ದಲಿ ಬೇಡ, ಎರಡು ಬೆರಳು ಸಾಕು. ಅದೇ ಮರ ನೆಲ್ಲಿಯಾಗಿದ್ದರೆ, ಬಗ್ಗಿದವರು ಒಮ್ಮೆ ತಲೆಯೆತ್ತಿ ಕೊಂಬೆಯಲ್ಲಿ ಬೂದು ಎಲೆಯ ಗುಂಪಿದೆಯೇ ಎಂದೂ ನೋಡಿಕೊಳ್ಳಬೇಕು.